ಮಸ್ಟಾಂಗ್ ಹಿಂದಿನ ಸಸ್ಪೆನ್ಷನ್: ಲೀಫ್ ಸ್ಪ್ರಿಂಗೇ ಸಾಕಾ?

ಕೋಥ್ರೂಡ್ ಗೌಡ:
ನಮಸ್ಕಾರ. ನನ್ನ 1967ರ ಫೋರ್ಡ್ ಮಸ್ಟಾಂಗ್ ಕಾರು ಪುಣೆಯಲ್ಲಿದೆ. ಹಿಂದಿನ ಲೀಫ್ ಸ್ಪ್ರಿಂಗ್ (ಉಕ್ಕಿನ ಪಟ್ಟಿ ಜೋಡಿಸಿದ ಸ್ಪ್ರಿಂಗ್) ಬಲಗಡೆ ಕುಸಿದಿದೆ. ಜೋರಾಗಿ ಆಕ್ಸಿಲರೇಟರ್ ಒತ್ತಿದರೆ ಹಿಂದಿನ ಚಕ್ರ ದಡದಡ ಕುಣಿಯುತ್ತದೆ, ಕಾತ್ರಜ್ ಘಾಟಿನ ತಿರುವಿನಲ್ಲಿ ಗಾಡಿ ಓಲಾಡುತ್ತದೆ. ಎಲ್ಲ ಕಿತ್ತು ಫೋರ್-ಲಿಂಕ್ (ಆಕ್ಸಲನ್ನು ನಾಲ್ಕು ಸರಳುಗಳಿಂದ ಹಿಡಿಯುವ ಸಸ್ಪೆನ್ಷನ್) ಹಾಕಿಸಲಾ?

ಹಡಪ್ಸರ್ ಶೆಟ್ಟಿ:
ಸುಮ್ನೆ ಯಾಕೆ ದುಡ್ಡು ಸುರೀತೀರಿ ಗೌಡ್ರೇ? ಜೋರಾಗಿ ಎಳೆದಾಗ ಆಕ್ಸಲ್ ತಿರುಚಿಕೊಂಡು ಸ್ಪ್ರಿಂಗ್ ಪಟ್ಟಿ ಎಸ್ ಆಕಾರಕ್ಕೆ ಬಾಗುತ್ತದೆ, ಟೈರ್ ಹಿಡಿತ ಬಿಟ್ಟ ಕೂಡಲೇ ವಾಪಸ್ ಚಿಮ್ಮುತ್ತದೆ, ಮತ್ತೆ ಬಾಗುತ್ತದೆ, ಅದೇ ಆ ದಡದಡ. ಐದು ಪಟ್ಟಿಯ ಹೊಸ ಸ್ಪ್ರಿಂಗ್, ಹೀಗೆ ಬಾಗದಂತೆ ತಡೆಯುವ ಟ್ರಾಕ್ಷನ್ ಬಾರ್, ಒಳ್ಳೆ ಶಾಕ್ ಅಬ್ಸಾರ್ಬರ್ ಹಾಕಿ. ಎರಡೂ ಕಡೆ ಒಟ್ಟಿಗೇ ಬದಲಿಸಿ. ಫೋರ್-ಲಿಂಕ್ ರೇಸ್ ಓಡಿಸುವವರಿಗೆ.

ನಿಗಡಿ ಪಾಟೀಲ:
ಶೆಟ್ರ ಮಾತು ಸರಿ. ಸ್ಪ್ರಿಂಗನ್ನು ಆಕ್ಸಲ್‌ಗೆ ಬಿಗಿಯುವ ಹಳೇ ಯು-ಬೋಲ್ಟ್ ಮಾತ್ರ ಮತ್ತೆ ಬಳಸಬೇಡಿ. ಇನ್ನೊಂದು, ಗಾಡಿ ಜಾಕ್ ಮೇಲಿರುವಾಗ ಸ್ಪ್ರಿಂಗ್ ತುದಿಯ ರಬ್ಬರ್ ಬುಶ್‌ನ ಬೋಲ್ಟ್ ಪೂರ್ತಿ ಬಿಗಿಯಬೇಡಿ. ಕೆಳಗಿಳಿಸಿ, ಭಾರವೆಲ್ಲ ಚಕ್ರದ ಮೇಲೆ ಬಿದ್ದ ಮೇಲೆ ಬಿಗಿಯಿರಿ, ಇಲ್ಲಾಂದ್ರೆ ರಬ್ಬರ್ ತಿರುಚಿಕೊಂಡೇ ಕೂತು ಬೇಗ ಹರಿಯುತ್ತದೆ. ಮೆಕ್ಯಾನಿಕ್‌ಗಳು ಇದನ್ನೇ ಮರೆಯುವುದು ಜಾಸ್ತಿ. ಓಲಾಟಕ್ಕೆ ಮುಂದಿನ ಆಂಟಿ-ರೋಲ್ ಬಾರ್ (ತಿರುವಿನಲ್ಲಿ ಗಾಡಿ ವಾಲುವುದನ್ನು ತಡೆಯುವ ಸರಳು) ದಪ್ಪದ್ದು ಹಾಕಿ.

ಕೋಥ್ರೂಡ್ ಗೌಡ:
ಥ್ಯಾಂಕ್ಸ್. ರಿವರ್ಸ್-ಐ ಸ್ಪ್ರಿಂಗ್ (ತುದಿಯ ಬಳೆ ಕೆಳಮುಖವಾಗಿ ಸುತ್ತಿದ್ದು) ನೋಡಲು ಚೆನ್ನಾಗಿದೆ, ಗಾಡಿ ತಗ್ಗುತ್ತದೆ ಅಲ್ವಾ?

ಹಡಪ್ಸರ್ ಶೆಟ್ಟಿ:
ತಗ್ಗುತ್ತದೆ. ನಮ್ಮ ಊರಿನ ಸ್ಪೀಡ್ ಬ್ರೇಕರ್‌ಗೆ ಸೈಲೆನ್ಸರ್ ತಾಗಿಸಿಕೊಳ್ಳೋ ಆಸೆ ಇದ್ದರೆ ಹಾಕಿ!