ಆಯಿಲ್ ಪ್ರೆಶರ್ ಮುಳ್ಳು ನಿಂತಲ್ಲಿ ನಿಲ್ಲುತ್ತಿಲ್ಲ: ಎಂಜಿನ್ ಬಿಚ್ಚುವ ಮೊದಲು ಏನೇನು ನೋಡಬೇಕು?

ಸಕಲೇಶಪುರ ಜೀಪ್ (ಕೇಳಿದವರು)

ಎಲ್ಲರಿಗೂ ನಮಸ್ಕಾರ. ನಮ್ಮಲ್ಲಿ 90ರ ದಶಕದ ಮಹೀಂದ್ರ ಎಂಎಂ 540 ಜೀಪ್ ಇದೆ, ಪೂಜೋ 2112 ಸಿಸಿ ಡೀಸೆಲ್ ಎಂಜಿನ್. ಅಪ್ಪ ತೆಗೆದುಕೊಂಡ ಗಾಡಿ. ತೋಟಕ್ಕೂ ಸಂತೆಗೂ ಇವತ್ತಿಗೂ ಅದೇ. ಈಚೆಗೆ ಆಯಿಲ್ ಪ್ರೆಶರ್ ಗೇಜ್ ನಂಬುವ ಹಾಗಿಲ್ಲ. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ 4 ಕೆಜಿ (ಚದರ ಸೆಂ.ಮೀ.ಗೆ) ತೋರಿಸುತ್ತದೆ. ಬಿಸಿಯಾದ ಮೇಲೆ ಐಡಲ್‌ನಲ್ಲಿ 2ರಿಂದ 3ರ ನಡುವೆ ಓಲಾಡುತ್ತದೆ. ಗುಂಡಿ ರಸ್ತೆಯಲ್ಲಿ ಒಮ್ಮೆಲೇ ಸೊನ್ನೆಗೆ ಬಿದ್ದು ಮರುಕ್ಷಣ ಮೇಲೇಳುತ್ತದೆ. ಹೆಡ್‌ಲೈಟ್ ಹಾಕಿದರೂ ಮುಳ್ಳು ಜಾಗ ಬದಲಿಸುತ್ತದೆ. ಎಂಜಿನ್ ಶಬ್ದದಲ್ಲಿ ಮಾತ್ರ ಏನೂ ವ್ಯತ್ಯಾಸ ಇಲ್ಲ.

ಗ್ಯಾರೇಜಿನಲ್ಲಿ "ಬೇರಿಂಗ್ ಹೋಗಿದೆ, ಚೇಂಬರ್ ಬಿಚ್ಚಬೇಕು, ಕ್ರ್ಯಾಂಕ್ ಗ್ರೈಂಡಿಂಗ್‌ಗೆ ಹೋಗಬಹುದು" ಎನ್ನುತ್ತಿದ್ದಾರೆ (ಚೇಂಬರ್ ಎಂದರೆ ಎಂಜಿನ್ ತಳದ ಆಯಿಲ್ ತೊಟ್ಟಿ, ಕ್ರ್ಯಾಂಕ್ ಎಂದರೆ ಬೇರಿಂಗ್ ಮೇಲೆ ತಿರುಗುವ ಮುಖ್ಯ ದಂಡ). ಅಷ್ಟು ದುಡ್ಡು ಸುರಿಯುವ ಮೊದಲು ನಾವೇ ನೋಡಬಹುದಾದದ್ದು ಏನಾದರೂ ಇದೆಯಾ? ಹೀಗೆ ಆದವರು ದಯವಿಟ್ಟು ಅನುಭವ ಹೇಳಿ.

ಹಾಸನದ ಹಳೇ ಡೀಸೆಲ್

ಸರ್, ಮೊದಲು ಡಿಪ್‌ಸ್ಟಿಕ್. ಸಮತಟ್ಟಾದ ಜಾಗದಲ್ಲಿ ಗಾಡಿ ನಿಲ್ಲಿಸಿ, ಎಂಜಿನ್ ಆಫ್ ಮಾಡಿ ಸ್ವಲ್ಪ ಹೊತ್ತು ಬಿಟ್ಟು ನೋಡಿ. ಎರಡು ಗುರುತುಗಳ ನಡುವೆ ಆಯಿಲ್ ಇದ್ದರೆ ಮುಂದಿನ ಮಾತು. ಇನ್ನೊಂದನ್ನು ಈಗಲೇ ಹೇಳಿಬಿಡುತ್ತೇನೆ. ಮುಳ್ಳು ಸೊನ್ನೆಗೆ ಬಿದ್ದು ಅಲ್ಲೇ ಕೂತರೆ, ಅಥವಾ ಟ್ಯಾಪೆಟ್ ಶಬ್ದ, ಕೆಳಗಿನಿಂದ ಬಡಿತ ಕೇಳಿಸಿದರೆ, ಅಲ್ಲೇ ಎಂಜಿನ್ ಆಫ್ ಮಾಡಿ. ಮನೆಗೆ ಎರಡೇ ಕಿಲೋಮೀಟರ್ ಇದ್ದರೂ ಓಡಿಸಬೇಡಿ. ಗೇಜ್ ಸುಳ್ಳು ಹೇಳುತ್ತಿದೆ ಎಂದು ಖಾತ್ರಿ ಆಗುವವರೆಗೆ ಅದು ನಿಜ ಹೇಳುತ್ತಿದೆ ಎಂದೇ ತಿಳಿಯಬೇಕು.

ಆದರೆ ನೀವು ಹೇಳಿದ್ದನ್ನು ಓದಿದರೆ ನನಗೆ ಬೇರಿಂಗ್ ಮೇಲೆ ಅನುಮಾನವೇ ಬರುವುದಿಲ್ಲ. ಬೇರಿಂಗ್ ಸವೆದ ಎಂಜಿನ್ನಿನಲ್ಲಿ ಮುಳ್ಳು ಹೀಗೆ ನೆಗೆಯುವುದಿಲ್ಲ. ತಣ್ಣಗಿದ್ದಾಗ ಚೆನ್ನಾಗಿರುತ್ತದೆ, ಬಿಸಿಯಾಗುತ್ತಾ ನಿಧಾನಕ್ಕೆ ಇಳಿಯುತ್ತದೆ, ಐಡಲ್‌ನಲ್ಲಿ ತೀರಾ ಕೆಳಗೆ, ಆಕ್ಸಿಲರೇಟರ್ ಒತ್ತಿದರೆ ಮತ್ತೆ ಮೇಲೆ. ನಿಜವಾದ ಪ್ರೆಶರ್ ಆರ್‌ಪಿಎಂ ಮತ್ತು ಬಿಸಿಯ ಮಾತನ್ನಷ್ಟೇ ಕೇಳುತ್ತದೆ. ಹೆಡ್‌ಲೈಟ್ ಸ್ವಿಚ್ಚಿನ ಮಾತು ಕೇಳುವುದಿಲ್ಲ. ಲೈಟ್ ಹಾಕಿದಾಗ ಮುಳ್ಳು ಸರಿದರೆ ತೊಂದರೆ ಕರೆಂಟಿನಲ್ಲಿದೆ.

ಈಗ ಪರೀಕ್ಷೆ. ಎಂಜಿನ್ ಆಫ್, ಬರೀ ಇಗ್ನಿಷನ್ ಆನ್. ಬ್ಲಾಕಿನಲ್ಲಿರುವ ಪ್ರೆಶರ್ ಸೆಂಡರ್‌ನಿಂದ (ಪ್ರೆಶರ್ ಬದಲಾದಂತೆ ತನ್ನ ರೆಸಿಸ್ಟೆನ್ಸ್, ಅಂದರೆ ಓಮ್, ಬದಲಿಸಿ ಗೇಜಿಗೆ ತಿಳಿಸುವ ಭಾಗ) ವೈರ್ ಕಳಚಿ, ಎಲ್ಲಿಗೂ ತಾಗದ ಹಾಗೆ ಹಿಡಿಯಿರಿ. ಗೇಜ್ ನೋಡಿ. ಆಮೇಲೆ ಅದೇ ವೈರನ್ನು ಎಂಜಿನ್ನಿನ ಬರಿ ಲೋಹಕ್ಕೆ ಒಂದೆರಡು ಸೆಕೆಂಡ್ ತಾಗಿಸಿ. ಮುಳ್ಳು ಒಂದು ತುದಿಯಿಂದ ಇನ್ನೊಂದು ತುದಿಗೆ ತಡವರಿಸದೆ ಹೋಗಬೇಕು. ಹೋದರೆ ಗೇಜ್ ಸರಿ ಇದೆ, ವೈರ್ ತುಂಡಾಗಿಲ್ಲ. ಉಳಿಯುವುದು ಸೆಂಡರ್, ಅದರ ಅರ್ಥ್ (ಗಾಡಿಯ ಲೋಹದ ಮೂಲಕ ಕರೆಂಟ್ ವಾಪಸ್ ಹೋಗುವ ದಾರಿ), ದಾರಿಯಲ್ಲಿ ಎಲ್ಲೋ ಉಜ್ಜಿರುವ ವೈರ್, ಇಲ್ಲವೇ ನಿಜವಾದ ಪ್ರೆಶರ್.

ಯಾವ ತುದಿಗೆ ಹೋಯಿತು ಎನ್ನುವುದನ್ನು ಬರೆದಿಟ್ಟುಕೊಳ್ಳಿ, ಅದು ಬಹಳ ಮುಖ್ಯ. ಸೆಂಡರ್‌ಗಳಲ್ಲಿ ಎರಡು ದೊಡ್ಡ ಜಾತಿ. ವಿಡಿಓ (ಜರ್ಮನಿಯ ಗೇಜ್ ಕಂಪನಿ) ಮಾದರಿಯಲ್ಲಿ ಪ್ರೆಶರ್ ಇಲ್ಲದಾಗ ಸುಮಾರು 10 ಓಮ್, ಪೂರ್ತಿ ಇದ್ದಾಗ 184 ಓಮ್. ಅಮೆರಿಕದ ಮಾದರಿ ಇದಕ್ಕೆ ತಿರುಗಾಮುರುಗಾ: ಸೊನ್ನೆಯಲ್ಲಿ 240, ಪೂರ್ತಿಯಲ್ಲಿ 33. ಮೊದಲನೆಯದರಲ್ಲಿ ವೈರ್ ಕಳಚಿದರೆ ಮುಳ್ಳು ಮೇಲಿನ ತುದಿಗೆ, ಅರ್ಥ್‌ಗೆ ತಾಗಿಸಿದರೆ ಸೊನ್ನೆಗೆ. ಎರಡನೆಯದರಲ್ಲಿ ಉಲ್ಟಾ. ಎಂಜಿನ್ ನಿಂತಿದ್ದಾಗ ಮಲ್ಟಿಮೀಟರ್‌ನಿಂದ ಸೆಂಡರ್ ಪಿನ್ನಿಗೂ ಬ್ಲಾಕಿಗೂ ನಡುವೆ ಅಳೆದರೂ ಯಾವ ಜಾತಿ ಎಂದು ತಿಳಿಯುತ್ತದೆ. ಅಂಗಡಿಯಲ್ಲಿ ಥ್ರೆಡ್ ಹೊಂದಿತು ಎಂದು ಒಂದು ಜಾತಿಯ ಗೇಜಿಗೆ ಇನ್ನೊಂದು ಜಾತಿಯ ಸೆಂಡರ್ ಹಾಕಿದ ಗಾಡಿಗಳನ್ನು ನೋಡಿದ್ದೇನೆ. ಪ್ರೆಶರ್ ಏರಿದರೆ ಮುಳ್ಳು ಇಳಿಯುತ್ತಿತ್ತು!

ಇದೆಲ್ಲ ಮುಗಿದ ಮೇಲೆ, ಏನೇ ಸಿಗಲಿ ಸಿಗದಿರಲಿ, ಸೆಂಡರ್ ಬಿಚ್ಚಿ ಅದೇ ತೂತಿಗೆ ಮೆಕ್ಯಾನಿಕಲ್ ಗೇಜ್ ಕೂರಿಸಿ ಅಳೆಯಿರಿ. ಒಳ್ಳೆಯ ಗ್ಯಾರೇಜಿನಲ್ಲಿ ಇರುತ್ತದೆ, ಇಲ್ಲದಿದ್ದರೆ ಬೆಂಗಳೂರಿನ ಜೆ.ಸಿ. ರಸ್ತೆಯ ಕಡೆ ಸಿಗುತ್ತದೆ. ಆ ಅಳತೆ ಕೈಗೆ ಬರುವವರೆಗೆ ಎಂಜಿನ್ ಬಿಚ್ಚಲು ಯಾರಿಗೂ ಒಪ್ಪಿಗೆ ಕೊಡಬೇಡಿ. ಗಾಡಿಯನ್ನು ಅರ್ಧ ಗಂಟೆ ಚೆನ್ನಾಗಿ ಓಡಿಸಿ, ಆಯಿಲ್ ಪೂರ್ತಿ ಬಿಸಿಯಾದ ಮೇಲೆ ಅಳೆಯಬೇಕು. ತಣ್ಣನೆಯ ಎಂಜಿನ್ನಿನಲ್ಲಿ ಸವೆದದ್ದೂ ಚೆನ್ನಾಗಿಯೇ ತೋರಿಸುತ್ತದೆ.

ಹುಬ್ಬಳ್ಳಿ ಅಂಬಾಸಿಡರ್

ಹಾಸನದ ಸರ್ ಹೇಳಿದ್ದು ಸರಿ. ಆದರೆ ಮುಳ್ಳು ಆಡಿದಾಗೆಲ್ಲ ವೈರೇ ಕಾರಣ ಅಂದುಕೊಳ್ಳಬಾರದು. ನನ್ನ 1489 ಸಿಸಿ ಪೆಟ್ರೋಲ್ ಅಂಬಾಸಿಡರ್‌ನಲ್ಲಿ ಮೆಕ್ಯಾನಿಕಲ್ ಗೇಜೇ ಇದೆ, ವೈರಿನ ಮಾತೇ ಇಲ್ಲ. ಅದರಲ್ಲೂ ಒಂದು ದಿನ 50 ಪಿಎಸ್‌ಐ (ಚದರ ಇಂಚಿಗೆ ಪೌಂಡ್), ಮರುದಿನ ಅದೇ ಬಿಸಿ, ಅದೇ ವೇಗ, 20. ಮತ್ತೆ ಎಂಜಿನ್ ಆಫ್ ಮಾಡಿ ಸ್ಟಾರ್ಟ್ ಮಾಡಿದರೆ 50.

ಕಾರಣ ರಿಲೀಫ್ ವಾಲ್ವ್. ಪ್ರೆಶರ್ ಜಾಸ್ತಿ ಆದಾಗ ಆಯಿಲನ್ನು ಚೇಂಬರಿಗೆ ವಾಪಸ್ ಬಿಡುವ ಒಂದು ಪ್ಲಂಜರ್, ಅದರ ಹಿಂದೆ ಸ್ಪ್ರಿಂಗ್. ಅದರ ಕೂರುವ ಜಾಗಕ್ಕೆ ಒಂದು ಚೂರು ಮಡ್ಡಿ ಸಿಕ್ಕಿಕೊಂಡರೆ ವಾಲ್ವ್ ಪೂರ್ತಿ ಮುಚ್ಚುವುದಿಲ್ಲ. ಚೂರು ಸರಿದರೆ ಮತ್ತೆ ಎಲ್ಲ ಸರಿ. ಅದಕ್ಕೇ ಒಂದೊಂದು ದಿನ ಒಂದೊಂದು ಲೆಕ್ಕ. ಅಂಬಾಸಿಡರ್‌ನ ಈ ಬಿಎಂಸಿ (ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್) ಬಿ ಸೀರೀಸ್ ಎಂಜಿನ್ನಿನಲ್ಲಿ ಅದು ಬ್ಲಾಕಿನ ಎಡಗಡೆ ಹಿಂದುಗಡೆ ಇದೆ, ಗುಮ್ಮಟದಂಥ ನಟ್ ಒಳಗೆ. ಹೊರಗಿನಿಂದಲೇ ಬಿಚ್ಚಬಹುದು. ಪ್ಲಂಜರ್ ತೆಗೆದು ತೊಳೆದು, ಗೀರು ಬಿದ್ದಿದೆಯಾ ನೋಡಿ, ಸ್ಪ್ರಿಂಗ್ ಕುಗ್ಗಿದ್ದರೆ ಬದಲಿಸಿ ಹಾಕಿದರೆ ಕೆಲಸ ಮುಗಿಯಿತು. ಸ್ಪ್ರಿಂಗ್ ಹಿಂದೆ ವಾಷರ್ ತುರುಕಿ ಪ್ರೆಶರ್ ಏರಿಸುವ ಬುದ್ಧಿವಂತಿಕೆ ಮಾತ್ರ ಬೇಡ. ಸವೆದ ಜಾಗ ಹಾಗೇ ಇರುತ್ತದೆ, ತಣ್ಣಗಿದ್ದಾಗ ಪಂಪಿನ ಮೇಲೆ ಹೊರೆ ಬೀಳುತ್ತದೆ.

ಪೆಟ್ರೋಲ್ ಗಾಡಿಯವರಿಗೆ ಇನ್ನೊಂದು ಮಾತು. ಪೆಟ್ರೋಲ್ ಪಂಪ್ ಎಂಜಿನ್ ಬ್ಲಾಕಿಗೇ ಕೂತಿರುವ ಗಾಡಿಯಾದರೆ ಅದರ ಡಯಾಫ್ರಮ್ ಹರಿದಾಗ ಪೆಟ್ರೋಲ್ ಚೇಂಬರಿಗೆ ಇಳಿಯುತ್ತದೆ. ಆಯಿಲ್ ನೀರಾಗಿ ಪ್ರೆಶರ್ ಬೀಳುತ್ತದೆ. ಡಿಪ್‌ಸ್ಟಿಕ್ ಮೂಸಿ ನೋಡಿ. ಆಯಿಲ್ ಕಡಿಮೆ ಆಗುವ ಬದಲು ಜಾಸ್ತಿ ಆಗುತ್ತಿದ್ದರೆ ಸಂತೋಷಪಡಬೇಡಿ, ಗಾಡಿ ಓಡಿಸುವುದನ್ನು ನಿಲ್ಲಿಸಿ.

ಮಡಿಕೇರಿಯಿಂದ

ಘಟ್ಟದ ಗಾಡಿಗಳಿಗೆ ಒಂದು ಸೇರಿಸುತ್ತೇನೆ. ಕಡಿದಾದ ಏರಿನಲ್ಲಿ ಅಥವಾ ಹೇರ್‌ಪಿನ್ ತಿರುವಿನಲ್ಲಿ ಮಾತ್ರ ಮುಳ್ಳು ಬೀಳುತ್ತದಾ, ಸಮ ರಸ್ತೆಗೆ ಬಂದ ತಕ್ಷಣ ಸರಿ ಆಗುತ್ತದಾ? ಹಾಗಿದ್ದರೆ ಅದು ಸುಳ್ಳು ಅಲ್ಲ. ಚೇಂಬರಿನಲ್ಲಿ ಆಯಿಲ್ ಒಂದು ಕಡೆ ಓಡಿ, ಸ್ಟ್ರೇನರ್ (ಪಂಪ್ ಆಯಿಲ್ ಹೀರುವ ಬಾಯಿಯ ಜಾಲರಿ) ಗಾಳಿ ಎಳೆಯುತ್ತಿದೆ ಎಂದರ್ಥ. ಲೆವೆಲ್ ಕೆಳಗಿನ ಗುರುತಿನ ಹತ್ತಿರ ಇದ್ದರೆ ಇದು ಆಗೇ ಆಗುತ್ತದೆ.

ಐಡಲ್‌ನಲ್ಲಿ ಸರಿ ಇದ್ದು, ಜೋರಾಗಿ ಓಡಿಸಿದಾಗ ಪ್ರೆಶರ್ ಇಳಿದರೆ ಸ್ಟ್ರೇನರ್ ಕಟ್ಟಿದೆಯಾ ನೋಡಿಸಿ. ಬಹಳ ವರ್ಷದ ಮಡ್ಡಿ ಇರುವ ಎಂಜಿನ್ನಿಗೆ ಫ್ಲಶ್ ಹಾಕಿದ ಮೇಲೆ ಮಡ್ಡಿ ಎದ್ದು ಅಲ್ಲಿ ಬಂದು ಕೂರುತ್ತದೆ. ಇದಕ್ಕೆ ಚೇಂಬರ್ ಇಳಿಸಲೇಬೇಕು. ಆಯಿಲ್ ತೀರಾ ಜಾಸ್ತಿ ತುಂಬಿದರೂ ಕ್ರ್ಯಾಂಕ್ ಅದನ್ನು ಕಡೆದು ನೊರೆ ಎಬ್ಬಿಸುತ್ತದೆ, ಆಗಲೂ ಪ್ರೆಶರ್ ಓಲಾಡುತ್ತದೆ.

ಕ್ಯಾಲಿಫೋರ್ನಿಯಾದಿಂದ

ನನ್ನ ಹತ್ತಿರ ಡಬ್ಲ್ಯೂ 123 ಮರ್ಸಿಡಿಸ್ ಡೀಸೆಲ್ ಇದೆ. ಅದರ ಗೇಜ್ ಮೆಕ್ಯಾನಿಕಲ್, ಸಣ್ಣ ಪ್ಲಾಸ್ಟಿಕ್ ಕೊಳವೆಯಲ್ಲಿ ಆಯಿಲೇ ಡ್ಯಾಶ್‌ಬೋರ್ಡಿನವರೆಗೆ ಬರುತ್ತದೆ. ಒಳಗೆ ಬೂರ್ಡಾನ್ ಕೊಳವೆ. 1849ರಲ್ಲಿ ಫ್ರಾನ್ಸ್‌ನ ಯೂಜೀನ್ ಬೂರ್ಡಾನ್ ಪೇಟೆಂಟ್ ಪಡೆದ ಉಪಾಯ. ಬಾಗಿದ ಚಪ್ಪಟೆ ಕೊಳವೆಗೆ ಒತ್ತಡ ಬಂದರೆ ಜಾತ್ರೆಯ ಪೀಪಿಯ ಸುರುಳಿ ಬಿಚ್ಚಿಕೊಳ್ಳುವ ಹಾಗೆ ಅದು ನೆಟ್ಟಗಾಗಲು ನೋಡುತ್ತದೆ, ಆ ಚಲನೆಯೇ ಮುಳ್ಳನ್ನು ತಿರುಗಿಸುತ್ತದೆ. ಕರೆಂಟೇ ಬೇಕಿಲ್ಲ.

ಇಂಥ ಗೇಜ್ ನೆಗೆಯುವುದು ಕಡಿಮೆ. ಕೆಟ್ಟಾಗ ಸೋಮಾರಿ ಆಗುತ್ತದೆ. ಎಂಜಿನ್ ಆಫ್ ಮಾಡಿದರೂ ಮುಳ್ಳು ನಿಧಾನಕ್ಕೆ ಇಳಿದರೆ ಕೊಳವೆ ಮಡಚಿದೆ ಅಥವಾ ಮಡ್ಡಿ ಕಟ್ಟಿದೆ. ಈ ಗಾಡಿಯ ಗೇಜಿನಲ್ಲಿ 3 ಬಾರ್‌ಗಿಂತ (1 ಬಾರ್ ಎಂದರೆ ಹೆಚ್ಚುಕಡಿಮೆ 1 ಕೆಜಿ) ಮೇಲೆ ಗುರುತೇ ಇಲ್ಲ. ಓಡುವಾಗ ಮುಳ್ಳು ಮೇಲೆ ಅಂಟಿಕೊಂಡಿರಬೇಕು. ಬಿಸಿ ಐಡಲ್‌ನಲ್ಲಿ 0.3 ಬಾರ್‌ವರೆಗೆ ಇಳಿದರೂ ತಯಾರಕರ ಪ್ರಕಾರ ಸರಿ. ಬೇರೆ ಗಾಡಿಯ ಲೆಕ್ಕ ಹಿಡಿದುಕೊಂಡು ನಿಮ್ಮ ಎಂಜಿನ್ನನ್ನು ಅಳೆಯಬೇಡಿ ಎಂದು ಹೇಳಲು ಇದನ್ನು ಬರೆದೆ.

ಸಕಲೇಶಪುರ ಜೀಪ್

ಎಲ್ಲರಿಗೂ ಧನ್ಯವಾದ. ಭಾನುವಾರ ಪಕ್ಕದ ಎಸ್ಟೇಟಿನ ಎಲೆಕ್ಟ್ರಿಷಿಯನ್ ಅಣ್ಣನನ್ನು ಕರೆದು ಕೂತೆವು. ವೈರ್ ಕಳಚಿದಾಗ ಮುಳ್ಳು ಮೇಲಿನ ತುದಿಗೆ, ತಾಗಿಸಿದಾಗ ಸೊನ್ನೆಗೆ. ಅಂದರೆ ವಿಡಿಓ ಜಾತಿ. ವೈರ್ ಒಂದು ಬ್ರಾಕೆಟಿಗೆ ಉಜ್ಜಿ ಒಳಗಿನ ತಾಮ್ರ ಕಾಣುತ್ತಿತ್ತು. ಎಂಜಿನ್ನಿನಿಂದ ಚಾಸಿಗೆ ಹೋಗುವ ಅರ್ಥ್ ಪಟ್ಟಿ ಹಸಿರುಗಟ್ಟಿತ್ತು. ಸೆಂಡರ್ ಥ್ರೆಡ್‌ಗೆ ದಪ್ಪಗೆ ಬಿಳಿ ಟೇಪ್ ಸುತ್ತಿದ್ದರು. ಎಲ್ಲ ಸರಿ ಮಾಡಿ ಹಾಕಿದೆವು. ಈಗ ಗುಂಡಿಯಲ್ಲೂ ನೆಗೆಯುವುದಿಲ್ಲ, ಲೈಟ್ ಹಾಕಿದರೂ ಅಲ್ಲಾಡುವುದಿಲ್ಲ.

ಆದರೆ ಹೊಸ ಚಿಂತೆ. ಮೊದಲು ಬಿಸಿ ಐಡಲ್‌ನಲ್ಲಿ 2ಕ್ಕಿಂತ ಮೇಲೆ ಇದ್ದದ್ದು ಈಗ 1 ಕೆಜಿ. ಮೆಕ್ಯಾನಿಕಲ್ ಗೇಜ್ ಹಾಕಿದರೂ ಅಷ್ಟೇ. 2000 ಆರ್‌ಪಿಎಂನಲ್ಲಿ 3. ರಿಪೇರಿ ಮಾಡಿ ಪ್ರೆಶರ್ ಕಡಿಮೆ ಆಯಿತಾ? ದಪ್ಪ ಆಯಿಲ್ ಹಾಕಲಾ?

ಹಾಸನದ ಹಳೇ ಡೀಸೆಲ್

ಪ್ರೆಶರ್ ಕಡಿಮೆ ಆಗಿಲ್ಲ ಸರ್. ಇಷ್ಟು ದಿನ ಗೇಜ್ ಜಾಸ್ತಿ ತೋರಿಸುತ್ತಿತ್ತು. ಒಂದೇ ವೈರಿನ ಸೆಂಡರ್ ತನ್ನ ಥ್ರೆಡ್ ಮೂಲಕವೇ ಅರ್ಥ್ ಪಡೆಯುತ್ತದೆ. ಟೇಪ್, ತುಕ್ಕು, ಕೆಟ್ಟ ಪಟ್ಟಿ ಇದ್ದರೆ ದಾರಿಯಲ್ಲಿ ಓಮ್ ಸೇರುತ್ತದೆ. ನಿಮ್ಮ ಜಾತಿಯಲ್ಲಿ ಓಮ್ ಜಾಸ್ತಿ ಆದರೆ ಪ್ರೆಶರ್ ಜಾಸ್ತಿ ಎಂದು ಗೇಜ್ ತಿಳಿಯುತ್ತದೆ. ಉಜ್ಜಿದ ವೈರ್ ಬ್ರಾಕೆಟಿಗೆ ತಾಗಿದಾಗ ಸೊನ್ನೆ. ನೀವು ಮೊದಲು ಹೇಳಿದ ಎರಡೂ ಲಕ್ಷಣಕ್ಕೆ ಉತ್ತರ ಸಿಕ್ಕಿತು, ಅಲ್ವಾ? ನನಗೆ ಈ ವಿಡಿಓ ಜಾತಿಯಲ್ಲಿ ಹೆದರಿಕೆ ಇರುವುದೇ ಇಲ್ಲಿ. ಅಮೆರಿಕದ ಜಾತಿಯಲ್ಲಿ ಕೆಟ್ಟ ಅರ್ಥ್ ಪ್ರೆಶರ್ ಕಡಿಮೆ ತೋರಿಸಿ ಸುಮ್ನೆ ಗಾಬರಿ ಮಾಡುತ್ತದೆ. ವಿಡಿಓ ಜಾತಿ ನಿಜವಾದ ಕೊರತೆಯನ್ನು ಮುಚ್ಚಿಡುತ್ತದೆ.

1 ಕೆಜಿ ಎಂದರೆ ಸುಮಾರು 14 ಪಿಎಸ್‌ಐ. 3 ಕೆಜಿ ಎಂದರೆ 42ರ ಮೇಲೆ. ಹಳೆಯ ಮೆಕ್ಯಾನಿಕ್‌ಗಳ ಲೆಕ್ಕ ಪ್ರತಿ 1000 ಆರ್‌ಪಿಎಂಗೆ 10 ಪಿಎಸ್‌ಐ. ಅದರ ಪ್ರಕಾರ ನಿಮ್ಮದು ಆರಾಮಾಗಿದೆ. ಇದು ಅಂದಾಜು ಅಷ್ಟೇ, ಎಂಜಿನ್ ಕೈಪಿಡಿ ಸಿಕ್ಕರೆ ಅದರ ಅಂಕಿಯನ್ನೇ ಹಿಡಿಯಿರಿ. ಬೇರಿಂಗ್ ಬಿಚ್ಚುವ ಕಾರಣ ನನಗೆ ಕಾಣುತ್ತಿಲ್ಲ.

ಆಯಿಲ್ ಈಗಿರುವ 15ಡಬ್ಲ್ಯೂ-40 ಇರಲಿ. ಅದಕ್ಕಿಂತ ದಪ್ಪನೆಯ 20ಡಬ್ಲ್ಯೂ-50 ಹಾಕಿದರೆ ಬಿಸಿ ಐಡಲ್‌ನ ಅಂಕಿ ಏರುತ್ತದೆ ನಿಜ. ಆದರೆ ಸಕಲೇಶಪುರದ ಡಿಸೆಂಬರ್ ಬೆಳಿಗ್ಗೆ ಅದು ಮೇಲಿನವರೆಗೆ ತಲುಪಲು ಜಾಸ್ತಿ ಹೊತ್ತು ಬೇಕು. ಗೇಜಿನ ಖುಷಿಗೆ ಎಂಜಿನ್ ಆಯಿಲ್‌ಗಾಗಿ ಕಾಯುವ ಹಾಗೆ ಮಾಡುವುದು ಯಾಕೆ? ದಪ್ಪ ಮಾಡುವ ಬಾಟಲಿ ಔಷಧಿಗಳೂ ಬೇಡ. ಪ್ರತಿ ಆಯಿಲ್ ಬದಲಿಸುವಾಗ, ಪೂರ್ತಿ ಬಿಸಿ ಎಂಜಿನ್ನಿನಲ್ಲಿ, ಐಡಲ್ ಮತ್ತು 2000ದ ಅಂಕಿ ಎರಡನ್ನೂ ಒಂದು ಪುಸ್ತಕದಲ್ಲಿ ಬರೆಯಿರಿ. ಅಂಕಿ ವರ್ಷದಿಂದ ವರ್ಷಕ್ಕೆ ಇಳಿಯುತ್ತಾ ಬಂದರೆ ಆಗ ಬೇರಿಂಗ್ ಮಾತಾಡೋಣ.

ಸೆಂಡರ್ ಜೊತೆಗೆ ಎಚ್ಚರಿಕೆಯ ಕೆಂಪು ದೀಪಕ್ಕೂ ಒಂದು ಸ್ವಿಚ್ ಹಾಕಿಸಿ. ಒಂದು ಹಿತ್ತಾಳೆ ಟೀ ಜೋಡಣೆ ಸಾಕು. ಥ್ರೆಡ್ ಅಳೆದೇ ತನ್ನಿ. 1/8 ಎನ್‌ಪಿಟಿ (ಅಮೆರಿಕದ ಪೈಪ್ ಥ್ರೆಡ್) ಮತ್ತು 1/8 ಬಿಎಸ್‌ಪಿ (ಬ್ರಿಟನ್ನಿನದು) ಕಣ್ಣಿಗೆ ಒಂದೇ ಥರ ಕಾಣುತ್ತವೆ, ಒಂದರಲ್ಲಿ ಇಂಚಿಗೆ 27 ಸುತ್ತು, ಇನ್ನೊಂದರಲ್ಲಿ 28. ಬಲವಂತ ಮಾಡಿದರೆ ಬ್ಲಾಕಿನ ಥ್ರೆಡ್ಡೇ ಹೋಗುತ್ತದೆ. ಬಿಳಿ ಟೇಪ್ ಬದಲು ಥ್ರೆಡ್ ಸೀಲೆಂಟ್ ಸ್ವಲ್ಪವೇ ಹಚ್ಚಿ, ಬಿಗಿದ ಮೇಲೆ ಸೆಂಡರ್ ಮೈಯಿಂದ ಬ್ಯಾಟರಿ ನೆಗೆಟಿವ್‌ವರೆಗೆ ಓಮ್ ಅಳೆಯಿರಿ, ಸೊನ್ನೆಯ ಹತ್ತಿರ ಇರಬೇಕು. ಟೀ ಉದ್ದ ಇದ್ದರೆ ಬ್ಲಾಕಿಗೆ ಒಂದು ಬ್ರಾಕೆಟ್ ಕೊಟ್ಟು ಹಿಡಿಸಿ. ಡೀಸೆಲ್ ಎಂಜಿನ್ನಿನ ನಡುಕಕ್ಕೆ ನೇತಾಡುವ ಹಿತ್ತಾಳೆ ಬಿರುಕು ಬಿಡುತ್ತದೆ, ಬಿರುಕು ಬಿಟ್ಟರೆ ಚೇಂಬರಿನ ಆಯಿಲೆಲ್ಲ ರಸ್ತೆಗೆ.