ಪದಚರ್ಚೆ: ‘ಸುಸ್ಥಿರ’ ಎಷ್ಟು ಹೊರೆ ತಾಳೀತು? ‘ಹೊಣೆಗಾರಿಕೆ’ಯಲ್ಲಿ ಹೊಣೆ ಯಾರದು?

ಬಳಗದ ಎಲ್ಲರಿಗೂ ನಮಸ್ಕಾರ.

ಒಂದು ಅನುವಾದದಲ್ಲಿ ಸಿಕ್ಕಿಬಿದ್ದಿದ್ದೇನೆ. ಚಾರಣ, ಶಿಲಾರೋಹಣ, ಹಿಮಜಾರಾಟ ಮುಂತಾದವಕ್ಕೆ ಬೇಕಾದ ಮಳೆಯಂಗಿ, ಡೇರೆ, ಬೂಟು, ಹಗ್ಗಗಳನ್ನು ಮಾರುವ ಕಂಪನಿಯೊಂದರ ವಾರ್ಷಿಕ ಪರಿಸರ ವರದಿ ಅದು. ಮೊದಲ ಪುಟದಲ್ಲೇ ಸಸ್ಟೇನಬಿಲಿಟಿ ಒಂಬತ್ತು ಸಲ, ಅಕೌಂಟಬಿಲಿಟಿ ನಾಲ್ಕು ಸಲ ಬರುತ್ತದೆ. ಒಂದಕ್ಕೆ ‘ಸುಸ್ಥಿರತೆ’, ಇನ್ನೊಂದಕ್ಕೆ ‘ಹೊಣೆಗಾರಿಕೆ’ ಎಂದು ಬರೆದುಕೊಂಡು ಮುಂದೆ ಸಾಗಿದೆ. ಹತ್ತು ಪುಟ ಮುಗಿದ ಮೇಲೆ ಮನೆಯವರಿಗೆ ಓದಿ ಹೇಳಿದೆ. ‘ಕನ್ನಡ ಚೆನ್ನಾಗಿದೆ. ಆದರೆ ಈ ಕಂಪನಿ ಏನು ಮಾಡುತ್ತದಂತೆ?’ ಎಂದು ಕೇಳಿದರು. ನನಗೂ ಗೊತ್ತಿರಲಿಲ್ಲ.

ಸುಲಭದ್ದನ್ನು ಮೊದಲು ಮುಗಿಸಿಬಿಡುತ್ತೇನೆ. ಔಟ್‌ಡೋರ್ ರಿಕ್ರಿಯೇಷನ್‌ಗೆ ‘ಹೊರಾಂಗಣ ಮನರಂಜನೆ’ ಎಂಬ ಪದ ಕೆಲವೆಡೆ ಕಾಣುತ್ತದೆ. ಅಂಗಣ ಎಂದರೆ ಅಂಗಳ. ಹಿಮ ಹೊದ್ದ ಶಿಖರ ಯಾರ ಮನೆಯ ಅಂಗಳ? ಹೊರಾಂಗಣ ಎಂದೊಡನೆ ನನಗೆ ಸಿನಿಮಾ ಚಿತ್ರೀಕರಣ ನೆನಪಾಗುತ್ತದೆ, ಮನರಂಜನೆ ಎಂದರೆ ಆರ್ಕೆಸ್ಟ್ರಾ. ಹಳೆಯ ಕಾವ್ಯಗಳ ಹದಿನೆಂಟು ವರ್ಣನೆಗಳಲ್ಲಿ ಉದ್ಯಾನವಿಹಾರ, ಜಲಕ್ರೀಡೆಗಳಿಗೆ ಜಾಗವಿತ್ತು; ‘ವಿಹಾರ’ ವಾಯುವಿಹಾರದಲ್ಲಿ ಇನ್ನೂ ಉಸಿರಾಡುತ್ತಿದೆ. ‘ಬಯಲುವಿಹಾರ’ ಎಂದು ಬರೆಯಲು ಹೊರಟಿದ್ದೆ. ಬಯಲಿಗೆ ಹೋಗುವುದು ಎಂಬ ಮಾತಿನ ನೆರಳು ಅದರ ಮೇಲೆ ಬೀಳುತ್ತದೆ ಎಂದು ಗೆಳೆಯರೊಬ್ಬರು ಎಚ್ಚರಿಸಿದರು. ಸದ್ಯಕ್ಕೆ ‘ಹೊರವಿಹಾರ’ ಎಂದಿಟ್ಟಿದ್ದೇನೆ. ಇದಕ್ಕಿಂತ ಚೆನ್ನಾದದ್ದು ಹೊಳೆದರೆ ತಿಳಿಸಿ, ಆದರೆ ನನ್ನ ನಿದ್ದೆ ಕೆಡಿಸಿರುವುದು ಇದಲ್ಲ.

ನಿದ್ದೆ ಕೆಡಿಸಿರುವುದು ಸುಸ್ಥಿರ. ‘ಸ್ಥಿರ’ ಎಂದರೆ ಅಲುಗದ್ದು. ಸ್ಥಿರಾಸ್ತಿ, ಸ್ಥಿರ ದೂರವಾಣಿ ಎಲ್ಲವೂ ಅದೇ ಬಗೆಯವು. ‘ಸು’ ಸೇರಿದರೆ ಚೆನ್ನಾಗಿ ಅಲುಗದ್ದು. ‘ಚಾರಣ’ದಲ್ಲಿರುವುದು ನಡೆದಾಡುವ ‘ಚರ’. ವರದಿಯ ಏಳನೆಯ ಪುಟದಲ್ಲಿ ನಾನೇ ‘ಸುಸ್ಥಿರ ಚಾರಣ’ ಎಂದು ಬರೆದಿದ್ದೆ. ಬಿಡಿಸಿ ಓದಿದರೆ ಕದಲದ ನಡಿಗೆ! ಪದದ ಮೂಲಾರ್ಥಕ್ಕೆ ಜೋತು ಬೀಳಬಾರದು, ಬಳಕೆಯೇ ಅರ್ಥ ಎಂದು ನೀವು ಹೇಳಬಹುದು. ಒಪ್ಪುತ್ತೇನೆ. ಸುಸ್ಥಿರ ಕೃಷಿ, ಸುಸ್ಥಿರ ಅಭಿವೃದ್ಧಿ ಎಂದು ಪತ್ರಿಕೆಗಳು ಎಷ್ಟೋ ವರ್ಷದಿಂದ ಬರೆಯುತ್ತಿವೆ, ಯಾರೂ ಎಡವಿಲ್ಲ. ಎಡವಿದ್ದು ಮಳೆಯಂಗಿಯ ಅಧ್ಯಾಯದಲ್ಲಿ.

ಹೊಸ ಮಳೆಯಂಗಿಯ ತೋಳಿನ ಮೇಲೆ ನೀರು ಚಿಮುಕಿಸಿ ನೋಡಿ. ಬಟ್ಟೆ ಒದ್ದೆಯಾಗುವುದಿಲ್ಲ. ಹನಿಗಳು ಮಣಿಯಂತೆ ದುಂಡಗಾಗಿ, ತೋಳು ಸ್ವಲ್ಪ ಓರೆಯಾದರೆ ಸಾಕು, ಉರುಳಿಹೋಗುತ್ತವೆ. ದಶಕಗಳ ಕಾಲ ಈ ಗುಣ ಬಂದದ್ದು ಫ್ಲೋರಿನ್ ಸೇರಿದ ಇಂಗಾಲದ ಸರಪಳಿಗಳ ಲೇಪದಿಂದ. ಇಂಗಾಲಕ್ಕೂ ಫ್ಲೋರಿನ್‌ಗೂ ಇರುವ ಬೆಸುಗೆ ರಸಾಯನಶಾಸ್ತ್ರದ ಅತಿ ಗಟ್ಟಿ ಬೆಸುಗೆಗಳಲ್ಲೊಂದು. ಬಿಸಿಲು, ಮಣ್ಣು, ಸೂಕ್ಷ್ಮಜೀವಿ ಯಾವುದಕ್ಕೂ ಸುಲಭವಾಗಿ ಮುರಿಯುವುದಿಲ್ಲ. ಬಟ್ಟೆಯಿಂದ ಕಳಚಿ ಹೊಳೆ ಸೇರಿದ ಮೇಲೂ ಅದು ಹಾಗೆಯೇ ಉಳಿಯುತ್ತದೆ. ಪಿಎಫ್‌ಎಎಸ್ ಎಂಬ ಈ ಬಳಗಕ್ಕೆ ಇಂಗ್ಲಿಷಿನಲ್ಲಿ ‘ಫಾರೆವರ್ ಕೆಮಿಕಲ್ಸ್’ ಎಂಬ ಅಡ್ಡಹೆಸರು ಬಂದದ್ದು ಅದಕ್ಕೇ. ನಾನು ‘ಚಿರಂಜೀವಿ ರಾಸಾಯನಿಕ’ ಎಂದಿದ್ದೇನೆ. ಹನುಮಂತ, ವಿಭೀಷಣರ ಸಾಲಿಗೆ ಇದನ್ನು ಸೇರಿಸಿದ್ದಕ್ಕೆ ಕ್ಷಮೆಯಿರಲಿ. ಈಗ ಹೇಳಿ, ಆ ಇಡೀ ಅಂಗಿಯಲ್ಲಿ ಅಕ್ಷರಶಃ ಸುಸ್ಥಿರವಾದದ್ದು ಯಾವುದು? ಯಾವ ವಸ್ತುವನ್ನು ಕೈಬಿಟ್ಟೆವೆಂದು ವರದಿ ಹೆಮ್ಮೆಪಡುತ್ತದೆಯೋ ಅದೇ!

ಹಾಗಾದರೆ ಮೂಲದಲ್ಲಿ ಏನಿತ್ತು ಎಂದು ಹಿಂದಕ್ಕೆ ಹೋದೆ. ಈ ಕಲ್ಪನೆಗೆ ವಿಶ್ವಸಂಸ್ಥೆ ನೇಮಿಸಿದ್ದ ಬ್ರುಂಟ್‌ಲಾಂಡ್ ಆಯೋಗದ 1987ರ ವರದಿಯನ್ನು ಎಲ್ಲರೂ ಉಲ್ಲೇಖಿಸುತ್ತಾರೆ: ಮುಂದಿನ ತಲೆಮಾರುಗಳು ತಮ್ಮ ಅಗತ್ಯ ಪೂರೈಸಿಕೊಳ್ಳುವುದಕ್ಕೆ ಅಡ್ಡಿಯಾಗದಂತೆ ಇಂದಿನ ಅಗತ್ಯ ಪೂರೈಸಿಕೊಳ್ಳುವುದು. ಅದಕ್ಕೂ ಹಿಂದೆ, 1713ರಲ್ಲಿ, ಜರ್ಮನಿಯ ಸ್ಯಾಕ್ಸನಿಯಲ್ಲಿ ಗಣಿ ಆಡಳಿತ ನೋಡಿಕೊಳ್ಳುತ್ತಿದ್ದ ಹಾನ್ಸ್ ಕಾರ್ಲ್ ಫಾನ್ ಕಾರ್ಲೋವಿಟ್ಸ್ ಎಂಬ ಅಧಿಕಾರಿ ಕಾಡಿನ ಬಗ್ಗೆ ಬರೆಯುತ್ತ ‘ನಾಖ್‌ಹಾಲ್ಟೆಂಡ್’ ಎಂಬ ಪದ ಬಳಸಿದ. ಗಣಿಗೂ ಲೋಹ ಕರಗಿಸುವ ಕುಲುಮೆಗೂ ಮರ ಕಡಿದು ಕಡಿದು ಸೌದೆ ಸಿಗದಂತಾಗಿತ್ತು. ಬೆಳೆಯುವಷ್ಟನ್ನೇ ಕಡಿಯಬೇಕು ಎಂಬುದು ಅವನ ವಾದ. ‘ನಾಖ್’ ಎಂದರೆ ಆಮೇಲೆ, ‘ಹಾಲ್ಟೆನ್’ ಎಂದರೆ ಹಿಡಿದಿಡು. ಆಮೇಲಕ್ಕೂ ಉಳಿಯುವ ಹಾಗೆ. ಸಾಲ ಕೊಡುವವರ ಭಾಷೆಯಲ್ಲಿ ಹೇಳುವುದಾದರೆ, ಬಡ್ಡಿ ಉಣ್ಣು, ಅಸಲು ಮುಟ್ಟಬೇಡ. ಸಸ್ಟೇನಬಿಲಿಟಿಯ ಹಿಂದಿರುವ ಕಲ್ಪನೆ ಹುಟ್ಟಿದ್ದೇ ಲೆಕ್ಕದ ಪುಸ್ತಕದಲ್ಲಿ ಎಂಬುದು ತಿಳಿದ ಮೇಲೆ ನನಗೆ ಸ್ವಲ್ಪ ಧೈರ್ಯ ಬಂತು.

ಇಂಗ್ಲಿಷಿನ ‘ಸಸ್ಟೇನ್’ ಲ್ಯಾಟಿನ್ನಿನಿಂದ ಬಂದದ್ದು: ಕೆಳಗಿನಿಂದ ಎತ್ತಿ ಹಿಡಿ, ಭಾರ ತಾಳು. ನಮ್ಮಲ್ಲಿ ಆ ಜಾಗಕ್ಕೆ ಎರಡು ಒಳ್ಳೆಯ ಧಾತುಗಳಿವೆ, ತಾಳು ಮತ್ತು ಬಾಳು. ‘ತಾಳಿದವನು ಬಾಳಿಯಾನು’ ಎಂಬ ಗಾದೆಯಲ್ಲಿ ಎರಡೂ ಜೊತೆಗೇ ನಿಂತಿವೆ. ವರದಿಯ ಒಂಬತ್ತು ಸಸ್ಟೇನಬಿಲಿಟಿಗಳನ್ನು ಇವುಗಳ ಪಕ್ಕದಲ್ಲಿ ಇಟ್ಟು ನೋಡಿದರೆ ಅವು ತಾವಾಗಿ ಬೇರೆ ಬೇರೆಯಾದವು.

ಬೂಟು ಹತ್ತು ವರ್ಷ ಬರುತ್ತದೆ, ಅಟ್ಟೆ ಸವೆದರೆ ಹೊಸದು ಹಾಕಿಸಬಹುದು, ಜಿಪ್ ಕಿತ್ತರೆ ದುರಸ್ತಿ ಮಾಡಿಕೊಡುತ್ತೇವೆ ಎನ್ನುವ ಕಡೆ ಬೇಕಾದದ್ದು ‘ಬಾಳಿಕೆ’. ಅದು ಅಂಗಡಿಯವರೂ ದರ್ಜಿಗಳೂ ದಿನನಿತ್ಯ ಆಡುವ ಪದ. ದಾರಿ, ಬಂಡೆ, ಹೊಳೆ, ಕಾಡು ಎಷ್ಟು ಜನರ ತುಳಿತವನ್ನು ಸಹಿಸೀತು ಎನ್ನುವ ಕಡೆ ‘ತಾಳಿಕೆ’. ಇದಕ್ಕೆ ‘ಧಾರಣಾ ಸಾಮರ್ಥ್ಯ’ ಎಂಬ ಪದ ಪಠ್ಯಪುಸ್ತಕಗಳಲ್ಲಿದೆ. ಹೇಳುವಷ್ಟರಲ್ಲಿ ಬಂಡೆಯೇ ಸವೆದಿರುತ್ತದೆ.

ಬಂಡೆ ಸವೆಯುವುದು ಬರಿಯ ಮಾತಲ್ಲ. ಅಮೆರಿಕದ ಯೊಸೆಮಿಟಿ ಕಣಿವೆಯ ಬಂಡೆಗೋಡೆಗಳನ್ನು ಹತ್ತುವವರು ಪಿಟಾನ್ ಎಂಬ ಉಕ್ಕಿನ ಗೂಟಗಳನ್ನು ಬಿರುಕಿಗೆ ಸುತ್ತಿಗೆಯಿಂದ ಹೊಡೆಯುತ್ತಿದ್ದರು. ಹಿಂದೆ ಬರುವವನು ಅದನ್ನು ಅತ್ತಿತ್ತ ಬಡಿದು ಕೀಳುತ್ತಿದ್ದ, ಮರುದಿನ ಇನ್ನೊಬ್ಬ ಅಲ್ಲೇ ಹೊಡೆಯುತ್ತಿದ್ದ. ಕೂದಲೆಳೆಯಂಥ ಬಿರುಕು ಬೆರಳು ತೂರುವ ಪೊಟರೆಯಾಯಿತು. ಆ ಗೂಟಗಳನ್ನು ಮಾಡಿ ಮಾರುತ್ತಿದ್ದವರೇ, ಇವಾನ್ ಶೂನಾರ್ಡ್ ಅವರ ಕಂಪನಿ, 1972ರ ತಮ್ಮ ಸರಕಿನ ಪಟ್ಟಿಯಲ್ಲಿ ಗೂಟ ಬಿಡಿ, ಕೈಯಲ್ಲೇ ಸಿಕ್ಕಿಸಿ ಕೈಯಲ್ಲೇ ತೆಗೆಯುವ ಲೋಹದ ಬೆಣೆ ಬಳಸಿ ಎಂದು ಬರೆದರು. ಅವರ ವಹಿವಾಟಿನ ದೊಡ್ಡ ಪಾಲು ಆಗ ಗೂಟಗಳದ್ದೇ. ಇದಕ್ಕೆ ಅವರಿಟ್ಟ ಹೆಸರು ‘ಕ್ಲೀನ್ ಕ್ಲೈಂಬಿಂಗ್’. ‘ಸ್ವಚ್ಛ ಆರೋಹಣ’ ಎಂದರೆ ಕಸ ಗುಡಿಸುತ್ತಾ ಹತ್ತಿದಂತೆ ಕೇಳಿಸುತ್ತದೆ. ‘ಗಾಯ ಮಾಡದ ಏರು’ ಎಂದು ಬರೆದಿದ್ದೇನೆ.

ನಡುವೆ ಇನ್ನೊಂದು ತಕರಾರು: ‘ಇಂಗಾಲದ ಹೆಜ್ಜೆಗುರುತು’, ಅಂದರೆ ಕಾರ್ಬನ್ ಫುಟ್‌ಪ್ರಿಂಟ್, ಒಬ್ಬರ ಕೆಲಸದಿಂದ ಗಾಳಿ ಸೇರುವ ಇಂಗಾಲದ ಲೆಕ್ಕ. ಕನ್ನಡದಲ್ಲಿ ಹೆಜ್ಜೆಗುರುತು ಮೂಡಿಸುವುದು ಹೊಗಳಿಕೆ. ಸನ್ಮಾನ ಪತ್ರಗಳಲ್ಲೆಲ್ಲ ಮಹನೀಯರು ತಮ್ಮ ಕ್ಷೇತ್ರದಲ್ಲಿ ಅಳಿಸಲಾಗದ ಹೆಜ್ಜೆಗುರುತು ಮೂಡಿಸಿರುತ್ತಾರೆ. ‘ಕಂಪನಿಯ ಇಂಗಾಲದ ಹೆಜ್ಜೆಗುರುತು ದೊಡ್ಡದು’ ಎಂದು ಓದಿದವರು ಚಪ್ಪಾಳೆ ತಟ್ಟಿದರೆ ತಪ್ಪು ಅವರದಲ್ಲ. ‘ಇಂಗಾಲದ ಹೊರೆ’ ಎಂದರೆ ಸಾಲದೇ? ಹೊರೆ ಎಂದ ಕೂಡಲೇ ಹೊತ್ತವರು ಯಾರು ಎಂಬ ಪ್ರಶ್ನೆ ಬರುತ್ತದೆ.

ಆ ಪ್ರಶ್ನೆಯೇ ನನ್ನನ್ನು ಅಕೌಂಟಬಿಲಿಟಿಗೆ ತಂದು ನಿಲ್ಲಿಸಿತು. ನಮ್ಮಲ್ಲಿ ಪದಗಳಿಗೆ ಬರವಿಲ್ಲ: ಜವಾಬ್ದಾರಿ, ಉತ್ತರದಾಯಿತ್ವ, ಬಾಧ್ಯತೆ, ಹೊಣೆಗಾರಿಕೆ. ‘ಜವಾಬು’ ಎಂದರೆ ಉತ್ತರ, ಆದ್ದರಿಂದ ಜವಾಬ್ದಾರ ಎಂದರೆ ಉತ್ತರ ಕೊಡಬೇಕಾದವನು. ಆದರೆ ಆ ಪದ ಮದುವೆ ಊಟದ ಉಸ್ತುವಾರಿಯಿಂದ ದೇಶದ ರಕ್ಷಣೆಯವರೆಗೆ ಓಡಾಡಿ ನುಣುಪಾಗಿದೆ. ಅದೇ ಅರ್ಥದ ‘ಉತ್ತರದಾಯಿತ್ವ’ವನ್ನು ಸಂಸ್ಕೃತದಿಂದ ಕಟ್ಟಿಕೊಂಡದ್ದು, ನನ್ನ ಅನುಮಾನ, ಜವಾಬ್ದಾರಿ ಸವೆದದ್ದರಿಂದಲೇ. ಅದು ಸರ್ಕಾರಿ ಸುತ್ತೋಲೆಯಿಂದ ಆಚೆ ಬಂದದ್ದನ್ನು ನಾನು ಕಂಡಿಲ್ಲ.

ಉಳಿದದ್ದು ಹೊಣೆ. ಹಳಗನ್ನಡದ ‘ಪೊಣೆ’. ಅದರ ಹಳೆಯ ಅರ್ಥ ಜಾಮೀನು. ಒಬ್ಬನ ಸಾಲಕ್ಕೆ ಇನ್ನೊಬ್ಬ ಹೊಣೆ ನಿಲ್ಲುತ್ತಾನೆ. ಸಾಲಗಾರ ಕೈಯೆತ್ತಿದರೆ ಹೊಣೆ ನಿಂತವನ ಮನೆಯ ಬಾಗಿಲಿಗೆ ಬರುತ್ತಾರೆ. ಅಂದರೆ ಹೊಣೆಗೆ ಮೂವರು ಬೇಕು, ಒಂದು ಮೊತ್ತವೂ ಬೇಕು. ‘ನಮಗೆ ನಾವೇ ಹೊಣೆಗಾರರು’ ಎಂದು ನನ್ನ ವರದಿ ನಾಲ್ಕು ಸಲ ಹೇಳುತ್ತದೆ. ಸಾಲಗಾರನೇ ತನ್ನ ಸಾಲಕ್ಕೆ ಜಾಮೀನು ನಿಂತಂತೆ! ಇಂಗ್ಲಿಷಿನಲ್ಲಿ ಈ ವಾಕ್ಯ ಗಂಭೀರವಾಗಿ ಕೇಳಿಸುತ್ತದೆ. ಕನ್ನಡಕ್ಕೆ ತಂದ ಕೂಡಲೇ ನಗು ಬರುತ್ತದೆ. ಇದು ಕನ್ನಡದ ಕೊರತೆ ಎಂದು ನನಗನಿಸುವುದಿಲ್ಲ.

ಈ ಉದ್ಯಮಕ್ಕೆ ಮಾತ್ರ ಹಳೆಯ ಅರ್ಥ ಹೇಳಿ ಹೊಲಿಸಿದಂತೆ ಹೊಂದುತ್ತದೆ. ಹೆಚ್ಚಿನ ಹೆಸರುವಾಸಿ ಕಂಪನಿಗಳು ತಾವೇ ನೂಲು ತೆಗೆಯುವುದಿಲ್ಲ, ಬಣ್ಣ ಹಾಕುವುದಿಲ್ಲ, ಹೊಲಿಯುವುದಿಲ್ಲ. ಬೇರೆಯವರ ಗಿರಣಿಗಳಿಂದ ಮಾಡಿಸುತ್ತವೆ. ಇಂಗಾಲದ ಹೊರೆಯ ಬಹುಪಾಲು ಇರುವುದು ಆ ಗಿರಣಿಗಳಲ್ಲಿ. ಆದ್ದರಿಂದ ಬೇಕಾದದ್ದು ಇನ್ನೊಬ್ಬನ ಸಾಲಕ್ಕೆ ಹೊಣೆ ನಿಲ್ಲುವುದೇ. ಮಾರಿದ ಮೇಲೆ ಹರಿದ ಡೇರೆಯ ಗತಿಗೂ ತಯಾರಕನೇ ಹೊಣೆ ಎಂಬ ಕಲ್ಪನೆಯನ್ನು ಸ್ವೀಡನ್ನಿನ ಥಾಮಸ್ ಲಿಂಡ್‌ಕ್ವಿಸ್ಟ್ 1990ರಲ್ಲಿ ಮಂಡಿಸಿದರು. ಅದೂ ಈ ಬಗೆಯದೇ. ನೇಪಾಳ 2014ರಲ್ಲಿ ಎವರೆಸ್ಟ್ ಹತ್ತುವ ಪ್ರತಿಯೊಬ್ಬರೂ ತಮ್ಮ ಕಸವಲ್ಲದೆ 8 ಕಿಲೋ ಕಸ ಕೆಳಗಿಳಿಸಬೇಕು, ಇಲ್ಲವಾದರೆ ತಂಡ ಇಟ್ಟ 4,000 ಡಾಲರ್ ಠೇವಣಿ ಹೋಗುತ್ತದೆ ಎಂದು ನಿಯಮ ಮಾಡಿತು. ತಕ್ಕಡಿ ತೂಕ ಹೇಳುತ್ತದೆಯೇ ಹೊರತು ಕಸ ಎಷ್ಟು ಎತ್ತರದ್ದು ಎಂದು ಹೇಳುವುದಿಲ್ಲ, ಅದು ಬೇರೆ ಮಾತು. ಆದರೂ ಆ ನಿಯಮದಲ್ಲಿ ಯಾರು, ಯಾರಿಗೆ, ಎಷ್ಟಕ್ಕೆ ಎಂಬ ಮೂರಕ್ಕೂ ಉತ್ತರವಿತ್ತು. ಅದನ್ನು ‘ಹೊಣೆ’ ಎನ್ನಲು ನನಗೆ ಯಾವ ಅಳುಕೂ ಇಲ್ಲ.

ಅಕೌಂಟಬಿಲಿಟಿಯ ಇನ್ನೊಂದು ಮುಖ ಲೆಕ್ಕ ಒಪ್ಪಿಸುವುದು. 2011ರ ನವೆಂಬರ್ 25ರಂದು ಪ್ಯಾಟಗೋನಿಯಾ ಕಂಪನಿ ನ್ಯೂಯಾರ್ಕ್ ಟೈಮ್ಸ್‌ನಲ್ಲಿ ತನ್ನದೇ ಜಾಕೆಟ್‌ನ ಚಿತ್ರ ಹಾಕಿ, ಇದನ್ನು ಕೊಳ್ಳಬೇಡಿ ಎಂದು ಜಾಹೀರಾತು ಕೊಟ್ಟಿತು. ಒಂದು ಜಾಕೆಟ್‌ಗೆ 135 ಲೀಟರ್ ನೀರು, ಸುಮಾರು 9 ಕಿಲೋ ಇಂಗಾಲದ ಡೈಆಕ್ಸೈಡ್, ಅದು ಜಾಕೆಟ್‌ನ ತೂಕದ 24 ಪಟ್ಟು ಎಂದು ಅದರಲ್ಲಿ ಬರೆದಿತ್ತು. ಅದೂ ಒಂದು ಮಾರಾಟದ ಉಪಾಯವೇ ಎಂದವರಿದ್ದಾರೆ, ಇರಲಿ. ಲೆಕ್ಕವಂತೂ ಲೆಕ್ಕದಂತಿತ್ತು. ಕ್ಯಾಲಿಫೋರ್ನಿಯಾ 2025ರಿಂದ ಬಟ್ಟೆಗಳಲ್ಲಿ ಚಿರಂಜೀವಿ ರಾಸಾಯನಿಕಗಳನ್ನು ನಿಷೇಧಿಸುವಾಗ, ಬಿರುಮಳೆಯಲ್ಲಿ ತೊಡುವ ವಿಶೇಷ ಉಡುಪುಗಳಿಗೆ 2028ರವರೆಗೆ ಗಡುವು ಕೊಟ್ಟಿತು; ಆದರೆ ಅವುಗಳಲ್ಲಿ ಪಿಎಫ್‌ಎಎಸ್ ಇದೆ ಎಂದು ಚೀಟಿಯಲ್ಲಿ ಬರೆಯಲೇಬೇಕು ಎಂದಿತು. ಕೊರಳಪಟ್ಟಿಯ ಆ ಚೀಟಿಯಲ್ಲಿ ನನ್ನ ನಲವತ್ತು ಪುಟಗಳಿಗಿಂತ ಹೆಚ್ಚು ಲೆಕ್ಕ ಇರುತ್ತದೆ.

ನನ್ನ ವರದಿಯಲ್ಲಿ ಏಕೆ ಇಲ್ಲವೆಂದರೆ ಅದರ ವಾಕ್ಯಗಳಿಗೂ ನೀರು ಅಂಟದ ಲೇಪ ಬಳಿದಿದ್ದಾರೆ. ‘ಹೊರಸೂಸುವಿಕೆಯನ್ನು ತಗ್ಗಿಸಲಾಗುವುದು’, ‘ಕ್ರಮಗಳನ್ನು ಕೈಗೊಳ್ಳಲಾಗಿದೆ’, ‘ಪರಿಶೀಲಿಸಲಾಗುತ್ತಿದೆ’. ತಗ್ಗಿಸುವವನು ಯಾರು? ಕರ್ಮಣಿ ಪ್ರಯೋಗ ಕನ್ನಡದ ಜಾಯಮಾನಕ್ಕೆ ಒಗ್ಗದು ಎಂದು ವ್ಯಾಕರಣದ ಮೇಷ್ಟ್ರುಗಳು ಗೊಣಗುತ್ತಿದ್ದರು. ನಾವು ‘ಲಾಗು’ ಹಚ್ಚಿ ಅದನ್ನು ಒಗ್ಗಿಸಿಬಿಟ್ಟಿದ್ದೇವೆ. ತಾವರೆ ಎಲೆಯ ಮೇಲಿನ ನೀರು ಯೋಗಿಗೆ ಭೂಷಣ, ಕಾರ್ಖಾನೆಗಲ್ಲ. ನಾನು ಅಂಥ ಕಡೆಗಳಲ್ಲಿ ‘ನಾವು ತಗ್ಗಿಸುತ್ತೇವೆ’ ಎಂದು ಕರ್ತೃವನ್ನು ತಂದು ಕೂರಿಸಿ ಕಳುಹಿಸಿದ್ದೆ. ಮೂಲದಲ್ಲಿ ಇಲ್ಲದ್ದನ್ನು ಸೇರಿಸಿದ್ದೀರಿ ಎಂದು ಕಂಪನಿಯವರಿಂದ ಆಕ್ಷೇಪ ಬಂದಿದೆ. ನಿಯಮದ ಪ್ರಕಾರ ಅವರು ಹೇಳುವುದು ಸರಿ, ಅದೇ ಕಷ್ಟ.

ಇಲ್ಲದ ಪರಿಸರ ಕಾಳಜಿಯನ್ನು ಇದೆಯೆಂದು ತೋರಿಸಿಕೊಳ್ಳುವ ಗ್ರೀನ್‌ವಾಷಿಂಗ್‌ಗೆ ‘ಹಸಿರು ಸೋಗು’ ಎಂದಿದ್ದೇನೆ. ‘ಹಸಿರು ಬಳಿಯುವುದು’ ಎಂದರೆ ಗೋಡೆಗೆ ಬಣ್ಣ ಹೊಡೆದಂತಾಗುತ್ತದೆ. ಸೋಗಿನಲ್ಲಿ ಸೋಗಲಾಡಿಯೂ ಇದ್ದಾನೆ. ಯುರೋಪಿನ ಒಕ್ಕೂಟದ 2024ರ ನಿರ್ದೇಶನ ‘ಪರಿಸರಸ್ನೇಹಿ’ಯಂಥ ಮಾತನ್ನು ಪುರಾವೆಯಿಲ್ಲದೆ ಸರಕಿನ ಮೇಲೆ ಬರೆಯುವುದನ್ನು ನಿಷೇಧಿಸುತ್ತದೆ, 2026ರ ಸೆಪ್ಟೆಂಬರ್ 27ರಿಂದ ಅದು ಅನ್ವಯ. ಪದವೊಂದಕ್ಕೆ ಕಾನೂನೇ ಪುರಾವೆ ಕೇಳುವ ಕಾಲ ಬಂದಿರುವಾಗ ಅನುವಾದಕ ಎರಡು ಸಲ ಯೋಚಿಸಿದರೆ ಅತಿಯಲ್ಲವಷ್ಟೆ.

ಈಗ ನನ್ನ ಪ್ರಶ್ನೆಗಳು. ಕಂಪನಿಯವರು ಒಂದು ಇಂಗ್ಲಿಷ್ ಪದಕ್ಕೆ ಒಂದೇ ಕನ್ನಡ ಪದ ಇರಲಿ ಎನ್ನುತ್ತಾರೆ. ಶೀರ್ಷಿಕೆಗಳಲ್ಲಿ ‘ಸುಸ್ಥಿರತೆ’ಯನ್ನೇ ಉಳಿಸಿ, ಒಳಗೆ ಬಾಳಿಕೆ, ತಾಳಿಕೆ ಎಂದು ಒಡೆದರೆ ಓದುಗರಿಗೆ ಗೊಂದಲವಾಗುತ್ತದೆಯೇ? ‘ತಾಳಿಕೆ’ಯನ್ನು ಈ ಅರ್ಥದಲ್ಲಿ ಅಚ್ಚಿನಲ್ಲಿ ಕಂಡವರಿದ್ದೀರಾ, ಅಥವಾ ನಿಮ್ಮ ಕಡೆ ಅದು ಬರಿಯ ಸಹನೆಯೇ? ‘ಹೊಣೆ ನಿಲ್ಲು’ ಎಂಬುದನ್ನು ಜಾಮೀನಿನ ಅರ್ಥದಲ್ಲಿ ಈಗಿನ ಮೂವತ್ತರೊಳಗಿನವರು ಬಳಸುತ್ತಾರೆಯೇ? ಮನೆಯಲ್ಲಿ ಅಂಥವರಿದ್ದರೆ ದಯವಿಟ್ಟು ಕೇಳಿ ನೋಡಿ. ಹಳೆಯ ಡೇರೆ, ಜಾಕೆಟ್‌ಗಳನ್ನು ಕಂಪನಿಯೇ ವಾಪಸು ತೆಗೆದುಕೊಳ್ಳುವ ಯೋಜನೆಗೆ ‘ಮರಳಿಕೆ’ ಎಂದು ಬರೆದಿದ್ದೆ. ಹೊರಳಿಕೆಯಂತೆ, ನರಳಿಕೆಯಂತೆ ಕೇಳಿಸುತ್ತದೆ ಎಂದು ಮನೆಯಲ್ಲಿ ಆಕ್ಷೇಪಣೆಯಿದೆ.

ಎರಡನೆಯ ಕರಡನ್ನು ಶುಕ್ರವಾರ ಕಳುಹಿಸಬೇಕು. ಗುರುವಾರ ಸಂಜೆಯೊಳಗೆ ಬರೆದರೆ ಉಪಕಾರ.