ತೊಗರಿ ಫ್ಯೂಚರ್ಸ್ ಆ್ಯಪ್ ಒಂದು ಬಂದಿದೆ, ದುಡ್ಡು ಹಾಕಬಹುದಾ?

ಗಂಜ್ ಮುನೀಮ, ಕಲಬುರಗಿ:
ನೆಹರು ಗಂಜ್‌ನಲ್ಲಿ ಅಡತಿ ಅಂಗಡಿಯೊಂದರ ಲೆಕ್ಕ ಬರೆಯುತ್ತೇನೆ. ಊರಲ್ಲಿ ನಮ್ಮದೂ ತೊಗರಿ ಇದೆ, ಇನ್ನೂ ಮಾರಿಲ್ಲ. ದರ ಬಿದ್ದರೆ ಏನು ಗತಿ ಅನ್ನೋ ಚಿಂತೆ. ಟೆಲಿಗ್ರಾಮ್ ಗುಂಪಲ್ಲಿ ಒಂದು ಆ್ಯಪ್ ಕಳಿಸಿದ್ದಾರೆ. ತೆರೆದರೆ ಎಲ್ಲಕ್ಕಿಂತ ಮೇಲೆ ‘ತೊಗರಿ ಫ್ಯೂಚರ್’ (ಮುಂದಿನ ತಾರೀಖಿನ ಮಾಲಿಗೆ ಈಗಲೇ ದರ ಕಟ್ಟುವ ಸೌದಾ), ಅದರ ಕೆಳಗೆ ಚಿನ್ನ, ಕ್ರೂಡ್ (ಕಚ್ಚಾ ತೈಲ). ಬ್ರೋಕರೇಜ್ ಇಲ್ಲ, ಪ್ಯಾನ್ ಕೂಡ ಕೇಳಲ್ಲ. ಐದು ಸಾವಿರ ಹಾಕಿದರೆ ಐದು ಲಕ್ಷದ ಸೌದಾ ಮಾಡಬಹುದಂತೆ. ದೊಡ್ಡ ಬ್ರೋಕರ್‌ಗಳ ಆ್ಯಪಲ್ಲಿ ಎಷ್ಟು ಹುಡುಕಿದರೂ ತೊಗರಿ ಸಿಗಲಿಲ್ಲ. ಯಾವುದು ತಗೊಳ್ಳಲಿ? ರಾತ್ರಿ ಅಂಗಡಿ ಮುಚ್ಚಿದ ಮೇಲೆ ಕ್ರೂಡ್ ಮಾಡೋ ಮನಸ್ಸೂ ಇದೆ.

ಆಳಂದ ರೋಡ್:
ಅಣ್ಣಾ, ಒಂದು ರೂಪಾಯಿನೂ ಹಾಕಬೇಡಿ. ತೊಗರಿ ಫ್ಯೂಚರ್ಸ್ 2007ರ ಜನವರಿಯಲ್ಲೇ ನಿಂತಿದೆ, ಉದ್ದಿನದೂ ಅಷ್ಟೇ. ಸರಕಿನ ಸೌದಾ ನಡೆಯೋ ಎಕ್ಸ್‌ಚೇಂಜ್‌ಗಳಾದ ಎಂಸಿಎಕ್ಸ್‌ನಲ್ಲೂ ಇಲ್ಲ, ಎನ್‌ಸಿಡಿಇಎಕ್ಸ್‌ನಲ್ಲೂ ಇಲ್ಲ. ದೊಡ್ಡ ಆ್ಯಪ್‌ಗಳಲ್ಲಿ ಸಿಗದಿರೋದಕ್ಕೆ ಕಾರಣ ಅದೇ. ಎಕ್ಸ್‌ಚೇಂಜಲ್ಲೇ ಇಲ್ಲದ್ದನ್ನು ಮಾರುವ ಆ್ಯಪ್ ಅಂದರೆ ಡಬ್ಬಾ, ಎಕ್ಸ್‌ಚೇಂಜಿನ ಹೊರಗೆ ನಡೆಯೋ ಕಳ್ಳ ಸೌದಾ. ನಿಮ್ಮ ಆರ್ಡರ್ ಅವರ ಕಂಪ್ಯೂಟರ್ ದಾಟಿ ಎಲ್ಲಿಗೂ ಹೋಗಲ್ಲ. ನೀವು ಗೆದ್ದರೆ ಅವರು ತಮ್ಮ ಕಿಸೆಯಿಂದ ಕೊಡಬೇಕು, ಕೊಡುತ್ತಾರಾ? ನಮ್ಮ ಬೇಳೆಗೆ ಜಿಐ ಟ್ಯಾಗ್ ಬಂದಿದೆ, ಅದರ ಹೆಸರಲ್ಲೇ ನಮ್ಮ ರೈತರನ್ನು ಸುಲಿಯುವುದು ನೋಡಿದರೆ ಹೊಟ್ಟೆ ಉರಿಯುತ್ತದೆ.

ದುಡ್ಡು ಕಳಿಸೋ ಯುಪಿಐ ಯಾರದೋ ಒಬ್ಬ ವ್ಯಕ್ತಿಯ ಹೆಸರಲ್ಲಿದ್ದರೆ ಅಲ್ಲೇ ಬಿಡಿ. ನಿಜವಾದ ಬ್ರೋಕರ್‌ಗೆ ಸೆಬಿ (ಷೇರು, ಸರಕು ಮಾರುಕಟ್ಟೆಯ ನಿಯಂತ್ರಕ ಸಂಸ್ಥೆ) ನೋಂದಣಿ ನಂಬರ್ ಇರುತ್ತದೆ, ‘ಐಎನ್‌ಜೆಡ್’ ಅಂತ ಶುರುವಾಗುತ್ತದೆ. ಆ್ಯಪಲ್ಲಿ ಬರೆದಿದ್ದನ್ನು ನಂಬಬೇಡಿ, ಸೆಬಿ ವೆಬ್‌ಸೈಟಲ್ಲಿ ನೀವೇ ಹುಡುಕಿ.

ಯಾದಗಿರಿ ಹತ್ತಿ:
ಮೇಲಿನವರು ಹೇಳಿದ್ದು ಸರಿ. ಕ್ರೂಡ್ ಮಾಡಲೇಬೇಕಾದರೆ ನೋಂದಣಿ ಇರುವ ಬ್ರೋಕರ್ ಹತ್ತಿರ ಕಮಾಡಿಟಿ (ಸರಕು) ವಿಭಾಗ ಬೇರೆಯಾಗಿ ಆನ್ ಮಾಡಿಸಬೇಕು, ಆದಾಯದ ದಾಖಲೆ ಕೇಳುತ್ತಾರೆ. ಬ್ರೋಕರೇಜಲ್ಲಿ ಹತ್ತು ರೂಪಾಯಿ ಹೆಚ್ಚು ಕಡಿಮೆ ಅಂತ ತಲೆ ಕೆಡಿಸಿಕೊಳ್ಳಬೇಡಿ. ಬುಧವಾರ ರಾತ್ರಿ ಅಮೆರಿಕದ ತೈಲ ದಾಸ್ತಾನಿನ ವರದಿ ಬರುತ್ತದೆ, ನಮ್ಮಲ್ಲಿ ಬೇಸಿಗೆಗೆ 8 ಗಂಟೆ, ಚಳಿಗಾಲಕ್ಕೆ 9. ಆಗ ದರ ಒಂದೇ ಸಮನೆ ಮೇಲೆ ಕೆಳಗೆ ಹಾರುತ್ತದೆ. ಆ ಹೊತ್ತಲ್ಲಿ ಆ್ಯಪ್ ತೆರೆದು ಸುಮ್ನೆ ನೋಡಿ. ಹ್ಯಾಂಗ್ ಆದರೆ ಅದು ನಿಮಗೆ ಬೇಡ. ದೊಡ್ಡ ಕ್ರೂಡ್ ಲಾಟ್ (ಒಂದು ಸೌದಾದ ಕನಿಷ್ಠ ಅಳತೆ) 100 ಬ್ಯಾರಲ್, ಬ್ಯಾರಲ್ ದರ ಒಂದು ರೂಪಾಯಿ ಆಡಿದರೆ ನಿಮಗೆ ನೂರು ರೂಪಾಯಿ ಲಾಭ ಇಲ್ಲವೇ ನಷ್ಟ. ಮಿನಿ 10 ಬ್ಯಾರಲ್. ಮಿನಿಯನ್ನೇ ಹಿಡಿಯಿರಿ.

ಹುಮನಾಬಾದ್ ಅಕ್ಕ:
ತಮ್ಮಾ, ನಿನ್ನ ಚಿಂತೆ ಇರೋದು ತೊಗರಿದು ಅಲ್ವಾ? ಅದಕ್ಕೆ ಕ್ರೂಡ್ ಯಾಕೆ? ಡಬ್ಲ್ಯೂಡಿಆರ್‌ಎ (ಗೋದಾಮುಗಳ ಸರ್ಕಾರಿ ನಿಯಂತ್ರಕ) ನೋಂದಣಿ ಇರುವ ಗೋದಾಮಲ್ಲಿ ಇಟ್ಟರೆ ಇ-ರಸೀದಿ ಕೊಡುತ್ತಾರೆ, ಅದರ ಮೇಲೆ ಬ್ಯಾಂಕಲ್ಲಿ ಸಾಲ ಸಿಗುತ್ತದೆ. ದರ ಬೀಳೋದನ್ನು ಅದು ತಡೆಯಲ್ಲ. ಆದರೆ ಕೈಯಲ್ಲಿ ಕಾಸಿಲ್ಲ ಅಂತ ಸಿಕ್ಕ ದರಕ್ಕೆ ಮಾರೋದು ತಪ್ಪುತ್ತದೆ.

ಗಂಜ್ ಮುನೀಮ:
ಎಲ್ಲರಿಗೂ ಶರಣು. ಆ್ಯಪ್ ತೆಗೆದುಹಾಕಿದೆ. ನಮ್ಮ ಪಕ್ಕದ ಅಂಗಡಿ ಹುಡುಗ ನಿನ್ನೆ ಇದರಲ್ಲೇ ದುಡ್ಡು ಹಾಕಿದ್ದಾನೆ, ಏನು ಮಾಡೋದು?

ಆಳಂದ ರೋಡ್:
ಈಗಲೇ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿಸಿ, ನಾಳೆ ಅನ್ನಬೇಡಿ. ಯುಪಿಐ ಕಳಿಸಿದ ಸ್ಕ್ರೀನ್‌ಶಾಟ್ ಕೈಯಲ್ಲಿರಲಿ.